ಮಿತವಾದ ಹಣದಲ್ಲಿ ಹಳೆಯ ಸ್ಪೋರ್ಟಿ ಕಾರು: ಆಯ್ಕೆ, ಪರೀಕ್ಷೆ, ದಾಖಲೆ

ವೇಗದ ಕಾರಿನ ಮೋಹ ಯೌವನಕ್ಕೆ ಸಹಜವಾದದ್ದು. ಆದರೆ ಆ ಮೋಹಕ್ಕೂ ಕೈಯಲ್ಲಿರುವ ಹಣಕ್ಕೂ ಹೊಂದಿಕೆಯಾಗುವುದು ಅಪರೂಪ. ಹೊಸ ಟರ್ಬೊ ಕಾರಿನ ಬೆಲೆ ಸಾಮಾನ್ಯ ಕುಟುಂಬಕ್ಕೆ ಎಟುಕದಿದ್ದಾಗ ಸಹಜವಾಗಿಯೇ ಗಮನ ಹಳೆಯ ಕಾರುಗಳ ಕಡೆಗೆ ಹೊರಳುತ್ತದೆ. ಕಾಸರಗೋಡು, ಕುಂಬಳೆ, ಮಂಜೇಶ್ವರದವರಿಗೆ ಇಂಥ ಕಾರನ್ನು ಹುಡುಕಲು ಹತ್ತಿರದ ದೊಡ್ಡ ಪೇಟೆ ಮಂಗಳೂರು, ಹೊಸೂರಿನವರಿಗೆ ಬೆಂಗಳೂರು, ರಾಯದುರ್ಗದವರಿಗೆ ಬಳ್ಳಾರಿ. ಹೀಗಾಗಿ ಗಡಿನಾಡಿನಲ್ಲಿ ಹಳೆಯ ಕಾರಿನ ಖರೀದಿ ಕೇವಲ ಯಂತ್ರವೊಂದರ ಖರೀದಿಯಾಗಿ ಉಳಿಯುವುದಿಲ್ಲ. ಎರಡು ರಾಜ್ಯಗಳ ತೆರಿಗೆ ಮತ್ತು ನೋಂದಣಿಯ ವ್ಯವಹಾರವೂ ಆಗುತ್ತದೆ. ಇಂಜಿನ್ನಿನ ಸದ್ದಿಗೆ ಮನಸೋತು ದಾಖಲೆಗಳನ್ನು ಕಡೆಗಣಿಸಿದರೆ ಅಗ್ಗವೆಂದು ತಂದ ಕಾರು ಮನೆಮಂದಿಯ ಉಳಿತಾಯವನ್ನೇ ಕರಗಿಸಬಹುದು.

ಸ್ಪೋರ್ಟಿ ಎಂದರೆ ಏನು?

ಹೆಚ್ಚು ಅಶ್ವಶಕ್ತಿಯಿರುವ ಕಾರೇ ಸ್ಪೋರ್ಟಿ ಕಾರು ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧಸತ್ಯ. ಆ ಶಕ್ತಿ ಎಷ್ಟು ತೂಕವನ್ನು ಎಳೆಯಬೇಕು ಎಂಬುದೂ ಅಷ್ಟೇ ಮುಖ್ಯ. 2018ರಲ್ಲಿ ಬಂದ ಮಾರುತಿ ಸುಜುಕಿ ಸ್ವಿಫ್ಟ್‌ನ ಪೆಟ್ರೋಲ್ ಇಂಜಿನ್ನಿನ ಶಕ್ತಿ ಸುಮಾರು 83 ಅಶ್ವಶಕ್ತಿ. ಕಾರಿನ ತೂಕ 900 ಕಿಲೋಗಿಂತ ಕಡಿಮೆ. 2013ರಲ್ಲಿ ಭಾರತಕ್ಕೆ ಬಂದ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಕಾರಿನ ಶಕ್ತಿ 105 ಅಶ್ವಶಕ್ತಿ. ತೂಕ ಸುಮಾರು 1,100 ಕಿಲೋ. ತೂಕಕ್ಕೆ ಶಕ್ತಿಯನ್ನು ಹೋಲಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ. ಟಾರ್ಕ್ ಎಂದು ಕರೆಯುವ ತಿರುಗುಬಲ ಪೋಲೋದಲ್ಲಿ ಬಹಳ ಹೆಚ್ಚು. ಹೆದ್ದಾರಿಯಲ್ಲಿ ಮುಂದಿನ ವಾಹನವನ್ನು ಹಿಂದಿಕ್ಕುವಾಗ ಅದರ ಪ್ರಯೋಜನ ತಿಳಿಯುತ್ತದೆ. ಆದರೆ ತಿರುವುಗಳಿಂದ ತುಂಬಿದ ಊರದಾರಿಯಲ್ಲಿ ಹಗುರವಾದ ಕಾರು, ನಿಖರವಾದ ಸ್ಟಿಯರಿಂಗ್, ನಂಬಬಹುದಾದ ಬ್ರೇಕು ಇವು ಕೊಡುವ ಸಂತೋಷವೇನೂ ಕಡಿಮೆಯದಲ್ಲ. ಈ ತಿಳಿವಳಿಕೆಯಿಂದ ಹೊರಟವರಿಗೆ ಆಯ್ಕೆಯ ವ್ಯಾಪ್ತಿ ಹಿಗ್ಗುತ್ತದೆ, ಹಣದ ಒತ್ತಡ ತಗ್ಗುತ್ತದೆ.

ಕೆಲವು ಮಾದರಿಗಳು

ಭಾರತದಲ್ಲಿ ಕೈಗೆಟುಕುವ ಸ್ಪೋರ್ಟಿ ಕಾರುಗಳು ಬಂದದ್ದೂ ಕೆಲವೇ, ಬಾಳಿದ್ದೂ ಕೆಲವೇ ವರ್ಷ. 2017ರಲ್ಲಿ ಬಂದ ಬಲೆನೊ ಆರ್‌ಎಸ್ ಒಂದು ಲೀಟರಿನ ಟರ್ಬೊ ಇಂಜಿನ್ನಿನಿಂದ 102 ಅಶ್ವಶಕ್ತಿ ಕೊಡುತ್ತಿತ್ತು. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು ಇದ್ದವು. 2020ರ ಆರಂಭದಲ್ಲಿ ಅದರ ಮಾರಾಟ ನಿಂತಿತು. ಟಾಟಾ ಮೋಟಾರ್ಸ್ ಕೊಯಮತ್ತೂರಿನ ಜಯೆಂ ಸಂಸ್ಥೆಯ ಜೊತೆಗೂಡಿ 2018ರಲ್ಲಿ ಟಿಯಾಗೊ ಜೆಟಿಪಿಯನ್ನು ಹೊರತಂದಿತು. ಅದೂ 2020ರಲ್ಲಿ ನಿಂತುಹೋಯಿತು. 2015ರ ಅಬಾರ್ತ್ ಪುಂಟೊ 145 ಅಶ್ವಶಕ್ತಿಯಿಂದ ಇವೆಲ್ಲವನ್ನೂ ಮೀರಿಸಿತ್ತು. ಆದರೆ ಫಿಯೆಟ್ ಕಾರುಗಳೇ ಈಗ ಇಲ್ಲಿ ಮಾರಾಟದಲ್ಲಿಲ್ಲ.

ಮಿತವಾದ ಹಣದವರು ಈ ಪಟ್ಟಿಯನ್ನು ಶಕ್ತಿಯ ಕ್ರಮದಲ್ಲಿ ಓದದೆ, ಬಿಡಿಭಾಗ ದೊರೆಯುವ ಕ್ರಮದಲ್ಲಿ ಓದಬೇಕು. ಬಲೆನೊ ಆರ್‌ಎಸ್‌ನ ಇಂಜಿನ್ ವಿಶೇಷವಾದದ್ದಾದರೂ ಅದರ ಬಾಗಿಲು, ದೀಪ, ಗಾಜುಗಳು ಸಾಮಾನ್ಯ ಬಲೆನೊದವೇ. ಅವು ಎಲ್ಲೆಡೆ ದೊರೆಯುತ್ತವೆ. ಪೋಲೋ ಜಿಟಿ ಟಿಎಸ್‌ಐಯ ಏಳು ಗೇರಿನ ಸ್ವಯಂಚಾಲಿತ ಗೇರ್‌ಬಾಕ್ಸ್ ಓಡಿಸಲು ಹಿತವಾದದ್ದು. ಕೆಟ್ಟರೆ ಮಾತ್ರ ರಿಪೇರಿಯ ವೆಚ್ಚ ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗಬಹುದು. ಸಾಮಾನ್ಯ ಕೈಗೇರಿನ ಕಾರಿನಲ್ಲಿ ಕ್ಲಚ್ ಸವೆದರೆ ಅದನ್ನು ಬದಲಿಸಬಲ್ಲ ಮೆಕ್ಯಾನಿಕ್ ಯಾವ ಪೇಟೆಯಲ್ಲಿಯೂ ಸಿಗುತ್ತಾನೆ.

ಬೆಲೆ ಬೇರೆ, ವೆಚ್ಚ ಬೇರೆ

ಕೈಯಲ್ಲಿ ನಾಲ್ಕು ಲಕ್ಷ ರೂಪಾಯಿ ಇದ್ದರೆ ನಾಲ್ಕು ಲಕ್ಷದ ಕಾರನ್ನು ಹುಡುಕುವುದು ಮೊದಲ ತಪ್ಪು. ಮೂರು ಲಕ್ಷದ ಕಾರನ್ನು ಹುಡುಕಿ ಉಳಿದ ಒಂದು ಲಕ್ಷವನ್ನು ಬೇರೆಯಾಗಿ ಇಟ್ಟುಕೊಳ್ಳುವುದು ವಿವೇಕ. ಆ ಒಂದು ಲಕ್ಷದಲ್ಲಿ ವಿಮೆ, ನೋಂದಣಿಯ ಬದಲಾವಣೆ, ಗಡಿಯಾಚೆಯ ಕಾರಾದರೆ ಹೊಸ ರಾಜ್ಯದ ತೆರಿಗೆ, ನಾಲ್ಕು ಟಯರು, ಬ್ಯಾಟರಿ, ಎಲ್ಲ ಬಗೆಯ ಆಯಿಲ್ಲುಗಳ ಬದಲಾವಣೆ ಇಷ್ಟೂ ನಡೆಯಬೇಕು. ಸ್ಪೋರ್ಟಿ ಕಾರಿನ ಅಗಲವಾದ ಟಯರೂ ದೊಡ್ಡ ಡಿಸ್ಕೂ ಸಾಮಾನ್ಯ ಕಾರಿನವುಗಳಿಗಿಂತ ದುಬಾರಿ ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ವಿಮೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯಿದೆ. ಹಳೆಯ ಮಾಲಿಕರು ಅಪಘಾತವಿಲ್ಲದೆ ಓಡಿಸಿ ಗಳಿಸಿದ ನೋ ಕ್ಲೈಮ್ ಬೋನಸ್ ಕಾರಿನೊಂದಿಗೆ ಬರುವುದಿಲ್ಲ. ಅದು ವ್ಯಕ್ತಿಗೆ ಸೇರಿದ್ದು, ವಾಹನಕ್ಕೆ ಸೇರಿದ್ದಲ್ಲ. ಆದ್ದರಿಂದ ಹಳೆಯ ಪಾಲಿಸಿಯ ಕಂತನ್ನು ನೋಡಿ ಮುಂದಿನ ವರ್ಷದ ವೆಚ್ಚವನ್ನು ಊಹಿಸಬಾರದು.

ಮಾರಾಟದ ಮಾತು

ಹಳೆಯ ಕಾರುಗಳ ಪೇಟೆಗೆ ತನ್ನದೇ ಆದ ಭಾಷೆಯಿದೆ. ಭಾಷೆಯ ವಿದ್ಯಾರ್ಥಿಗಳಿಗೆ ಅದು ಕುತೂಹಲದ ವಿಷಯ. ಕೊಳ್ಳುವವರಿಗೆ ಎಚ್ಚರಿಕೆಯ ವಿಷಯ. ‘ಸಿಂಗಲ್ ಓನರ್’ ಎಂಬ ಮಾತು ಆರ್.ಸಿ.ಯಲ್ಲಿ ಒಂದೇ ಹೆಸರಿದೆ ಎಂದಷ್ಟೇ ಹೇಳುತ್ತದೆ; ಹೆಸರು ಬದಲಿಸದೆ ಕಾರು ಎಷ್ಟು ಕೈ ದಾಟಿದೆ ಎಂಬುದನ್ನು ಹೇಳುವುದಿಲ್ಲ. ‘ಡಾಕ್ಟರ್ ಓಡಿಸಿದ ಗಾಡಿ’ ಎಂಬುದು ವೃತ್ತಿಯ ಮೇಲಿನ ಗೌರವವನ್ನು ಕಾರಿಗೆ ಹೊರಿಸುವ ಜಾಣತನ. ‘ಪೇಪರ್ ಕ್ಲಿಯರ್’ ಎಂದಾಗ ಯಾವ ಪೇಪರು, ಎಲ್ಲಿಯವರೆಗೆ ಎಂದು ಕೇಳಬೇಕು. ‘ಚಿಕ್ಕ ಟಚಪ್ ಆಗಿದೆ’ ಎಂಬ ಮಾತಿನಡಿ ದೊಡ್ಡ ಅಪಘಾತವೊಂದು ಅಡಗಿರಬಹುದು. ವಿಶೇಷಣಗಳನ್ನು ಬದಿಗಿಟ್ಟು ಪರಿಶೀಲಿಸಬಹುದಾದ ಸಂಗತಿಗಳನ್ನಷ್ಟೇ ಉಳಿಸಿಕೊಂಡರೆ ಜಾಹೀರಾತಿನಲ್ಲಿ ಉಳಿಯುವುದು ವರ್ಷ, ಮಾದರಿ, ನೋಂದಣಿ ಸಂಖ್ಯೆ ಮಾತ್ರ. ಪರೀಕ್ಷೆ ಅಲ್ಲಿಂದ ಆರಂಭವಾಗಬೇಕು.

ಕಾರಿನ ಪರೀಕ್ಷೆ

ಕಾರನ್ನು ಹಗಲಿನಲ್ಲಿ, ಮಳೆಯಿಲ್ಲದಾಗ, ಇಂಜಿನ್ ತಣ್ಣಗಿರುವಾಗಲೇ ನೋಡಬೇಕು. ಮಾರುವವರು ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುವುದೇ ಲೇಸು. ತಣ್ಣಗಿನ ಇಂಜಿನ್ ಚಾಲೂ ಆದಾಗ ಕಾಣುವ ಹೊಗೆ ಅನೇಕ ಸಂಗತಿಗಳನ್ನು ತಿಳಿಸುತ್ತದೆ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ; ಟರ್ಬೊ ಕಾರಿನಲ್ಲಿ ಅದು ಟರ್ಬೊ ಸವೆದಿರುವುದರ ಲಕ್ಷಣವೂ ಆಗಬಹುದು. ಇಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟವಾದ ಬಿಳಿ ಹೊಗೆ ಕೂಲಂಟ್ ಒಳಗೆ ಸೇರುತ್ತಿದೆ ಎಂಬುದರ ಸೂಚನೆ.

ಅಪಘಾತದ ಗುರುತುಗಳನ್ನು ಹೊರಗಿನ ಬಣ್ಣದಲ್ಲಿ ಹುಡುಕಿದರೆ ಸಾಲದು. ಬಾನೆಟ್ಟು ಮತ್ತು ಬಾಗಿಲುಗಳನ್ನು ಹಿಡಿದಿರುವ ಬೋಲ್ಟುಗಳ ಮೇಲೆ ಸ್ಪಾನರಿನ ಗೀರುಗಳಿವೆಯೇ, ಡಿಕ್ಕಿಯ ಚಾಪೆಯಡಿಯ ತಗಡು ಸುಕ್ಕಾಗಿದೆಯೇ, ಬಾಗಿಲಿನ ರಬ್ಬರಿನ ಕೆಳಗೆ ವೆಲ್ಡಿಂಗ್ ಕಂಪನಿಯದೇ ಆಗಿ ಕಾಣುತ್ತದೆಯೇ ಎಂದು ನೋಡಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದಾಗ ಅದರ ತುದಿಯಲ್ಲಿ ಕೆಸರಿನ ಕಲೆಯಿದ್ದರೆ ಕಾರು ನೀರಿನಲ್ಲಿ ಮುಳುಗಿತ್ತೆಂದು ಶಂಕಿಸಬೇಕು. 2015ರ ಚೆನ್ನೈ ನೆರೆ, 2018ರ ಕೇರಳದ ನೆರೆಗಳಲ್ಲಿ ಅಸಂಖ್ಯ ವಾಹನಗಳು ನೀರಿನಲ್ಲಿ ನಿಂತಿದ್ದವು. ಇಂಥ ಕಾರಿನ ವೈರಿಂಗ್ ವರ್ಷಗಳ ನಂತರವೂ ಕೈಕೊಡಬಲ್ಲದು.

ಟಯರಿನ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆ ಅದು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತದೆ: 2319 ಎಂದಿದ್ದರೆ 2019ರ 23ನೆಯ ವಾರ. ಓಡಿದ ದೂರ 30,000 ಕಿಲೋಮೀಟರ್ ಎಂದು ಮೀಟರು ತೋರಿಸುತ್ತಿದ್ದು, ಪೆಡಲಿನ ರಬ್ಬರೂ ಸ್ಟಿಯರಿಂಗಿನ ಹೊದಿಕೆಯೂ ಪೂರ್ತಿ ಸವೆದಿದ್ದರೆ ಮೀಟರನ್ನು ನಂಬಲಾಗದು. ಸರ್ವಿಸ್ ದಾಖಲೆಗಳಲ್ಲಿ ಬರೆದಿರುವ ಕಿಲೋಮೀಟರುಗಳೊಂದಿಗೆ ಅದನ್ನು ತಾಳೆ ನೋಡಬೇಕು. ಕೊನೆಗೆ, ಕಾರಿಗೂ ಮಾರುವವರಿಗೂ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಂದ ಲಿಫ್ಟಿನ ಮೇಲೆ ಪರೀಕ್ಷೆ ಮಾಡಿಸಬೇಕು. ಇದಕ್ಕೆ ಮಾರುವವರು ಒಪ್ಪದಿದ್ದರೆ ಆ ಕಾರನ್ನು ಅಲ್ಲಿಯೇ ಬಿಡುವುದು ಒಳ್ಳೆಯದು.

ಮಾರ್ಪಾಡಿನ ಅಪಾಯ

ಸ್ಪೋರ್ಟಿ ಕಾರುಗಳು ಬಹುಪಾಲು ಉತ್ಸಾಹಿಗಳ ಕೈಯಿಂದಲೇ ಬರುತ್ತವೆ. ಸೈಲೆನ್ಸರು, ಚಕ್ರ, ಸ್ಪ್ರಿಂಗು, ಇಂಜಿನ್ನಿನ ಕಂಪ್ಯೂಟರು ಇವುಗಳಲ್ಲಿ ಯಾವುದಾದರೊಂದನ್ನು ಹಿಂದಿನವರು ಬದಲಿಸಿರುವ ಸಾಧ್ಯತೆ ಹೆಚ್ಚು. ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಪ್ರತಿಯೊಂದು ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಮಾರ್ಪಾಡು ಮಾಡಿದವರು ಹಿಂದಿನವರಾದರೂ ತಪಾಸಣೆಯಲ್ಲಿ ಉತ್ತರಿಸಬೇಕಾದವರು ಇಂದಿನ ಮಾಲಿಕರು. ಆದ್ದರಿಂದ ಮಾರ್ಪಾಡಿಗೆ ಹೆಚ್ಚಿನ ಬೆಲೆ ಕೊಡುವ ಬದಲು, ಮೂಲ ಭಾಗಗಳನ್ನು ಮರಳಿ ಜೋಡಿಸುವ ವೆಚ್ಚವನ್ನು ಬೆಲೆಯಿಂದ ಕಳೆಯಬೇಕು.

ಗಡಿ ದಾಟುವ ಕಾರಿನ ದಾಖಲೆ

ಕೆಎ-19 ಎಂಬ ಮಂಗಳೂರಿನ ಸಂಖ್ಯೆಯ ಕಾರು ಕೆಎಲ್-14 ಎಂಬ ಕಾಸರಗೋಡಿನ ಸಂಖ್ಯೆಗೆ ಬದಲಾಗಬೇಕಾದರೆ ಮೊದಲು ಮಂಗಳೂರಿನ ಆರ್.ಟಿ.ಒ. ಕಚೇರಿಯಿಂದ ನಮೂನೆ 28ರ ಆಕ್ಷೇಪಣಾರಹಿತ ಪತ್ರ ಬೇಕು. ಮಾರಾಟದ ಸೂಚನೆಗೆ ನಮೂನೆ 29, ಮಾಲಿಕತ್ವದ ವರ್ಗಾವಣೆಗೆ ನಮೂನೆ 30. ಕಾರಿನ ಮೇಲೆ ಸಾಲವಿದ್ದರೆ ಅದು ತೀರಿದೆಯೆಂದು ಬ್ಯಾಂಕಿನ ಪತ್ರವೂ ನಮೂನೆ 35 ಕೂಡ ಬೇಕಾಗುತ್ತದೆ. ಹೊಸ ರಾಜ್ಯದ ಸಂಖ್ಯೆಗೆ ನಮೂನೆ 27. ಮುಂಗಡ ಕೊಡುವ ಮೊದಲೇ ಪರಿವಾಹನ್ ಜಾಲತಾಣದಲ್ಲಿ ಸಾಲದ ನಮೂದು, ವಿಮೆ, ಬಾಕಿ ದಂಡಗಳನ್ನು ನೋಡಬೇಕು, ಆರ್.ಸಿ.ಯ ಚಾಸಿ ಸಂಖ್ಯೆಯನ್ನು ಕಾರಿನ ಮೇಲೆ ಕೆತ್ತಿದ ಸಂಖ್ಯೆಯೊಂದಿಗೆ ಹೋಲಿಸಬೇಕು.

ಹೊರರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಹೊಸ ಸಂಖ್ಯೆ ಪಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಈ ಅವಧಿ ತೆರಿಗೆಗೂ ಸಿಕ್ಕ ವಿನಾಯಿತಿಯಲ್ಲ. ತೆರಿಗೆ ರಾಜ್ಯಗಳ ವಿಷಯ. ನಿಯಮವೂ ದರವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೊಸ ರಾಜ್ಯದಲ್ಲಿ ಕಾರಿನ ವಯಸ್ಸಿಗೆ ತಕ್ಕ ತೆರಿಗೆ ಕಟ್ಟಿದ ಮೇಲೆ ಹಳೆಯ ರಾಜ್ಯದಲ್ಲಿ ಕಟ್ಟಿದ್ದ ಜೀವಾವಧಿ ತೆರಿಗೆಯ ಉಳಿದ ಪಾಲನ್ನು ಮರಳಿ ಕೇಳಬಹುದು. ಆ ಹಣ ಯಾರಿಗೆ ಸೇರಬೇಕು ಎಂಬುದನ್ನು ಕರಾರಿನಲ್ಲಿ ಮೊದಲೇ ಬರೆದುಕೊಳ್ಳದಿದ್ದರೆ ಮುಂದೆ ಮನಸ್ತಾಪಕ್ಕೆ ದಾರಿಯಾಗುತ್ತದೆ.

ದೆಹಲಿಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬರುವುದನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಮತ್ತು ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳ ವಿರುದ್ಧ ಬಂದ ಆದೇಶಗಳು ಬೆಲೆಯನ್ನು ತಗ್ಗಿಸಿದವು. ಸಾಗಾಟ, ತೆರಿಗೆ, ಆಕ್ಷೇಪಣಾರಹಿತ ಪತ್ರದ ಓಡಾಟ ಇವನ್ನೆಲ್ಲ ಕೂಡಿಸಿದಾಗ ಆ ಅಗ್ಗದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಮುಂದುವರಿಯಬೇಕು.

ಹೆಸರು ಬದಲಾಗದಿದ್ದರೆ

ಕಾಯ್ದೆಯ 50ನೆಯ ವಿಧಿಯಂತೆ ಮಾರಿದವರು ರಾಜ್ಯದೊಳಗಿನ ಮಾರಾಟವನ್ನು 14 ದಿನಗಳಲ್ಲಿ, ಹೊರರಾಜ್ಯದ ಮಾರಾಟವನ್ನು 45 ದಿನಗಳಲ್ಲಿ ತಿಳಿಸಬೇಕು. ಕೊಂಡವರು 30 ದಿನಗಳಲ್ಲಿ ತಿಳಿಸಬೇಕು. ವಿಮೆಯ ವರ್ಗಾವಣೆಗೆ ಕೊಂಡವರು 14 ದಿನಗಳೊಳಗೆ ಅರ್ಜಿ ಹಾಕಬೇಕು. ಇದನ್ನು ನಾಳೆಗೆ ದೂಡುವ ರೂಢಿ ವ್ಯಾಪಕವಾಗಿದೆ. 2007ರಲ್ಲಿ ಮಾರಾಟವಾಗಿ, ಹೆಸರು ಬದಲಾಗದೆ ಹಲವು ಕೈ ದಾಟಿದ ಕಾರೊಂದು 2009ರಲ್ಲಿ ಅಪಘಾತಕ್ಕೀಡಾದಾಗ ಪರಿಹಾರದ ಹೊಣೆ ಯಾರದು ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ದಾಖಲೆಯಲ್ಲಿ ಹೆಸರಿರುವವರೇ ಮಾಲಿಕರು, ಹೊಣೆಯೂ ಅವರದೇ ಎಂದು 2018ರಲ್ಲಿ ನ್ಯಾಯಾಲಯ ಹೇಳಿತು. ಕಾರನ್ನು ಎಂದೋ ಮಾರಿದವರು ಆ ಹೊಣೆಯನ್ನು ಹೊರಬೇಕಾಯಿತು. ಇಂದು ಕೊಂಡವರು ಮುಂದೊಂದು ದಿನ ಮಾರುವವರೂ ಆಗುತ್ತಾರೆ. ಆದ್ದರಿಂದ ಈ ತೀರ್ಪು ಎರಡು ಕಡೆಯವರಿಗೂ ಅನ್ವಯಿಸುತ್ತದೆ.

ಕಾರು ಕೈಸೇರುವ ದಿನ ದಿನಾಂಕ ಮತ್ತು ಗಂಟೆಯನ್ನು ನಮೂದಿಸಿದ ಡೆಲಿವರಿ ಪತ್ರಕ್ಕೆ ಇಬ್ಬರೂ ಸಹಿ ಹಾಕಬೇಕು. ಕರಾರು ಕನ್ನಡದಲ್ಲಿರಲಿ, ಮಲಯಾಳದಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಪ್ರತಿ ಸಾಲಿನ ಅರ್ಥವನ್ನು ತಿಳಿದ ನಂತರವೇ ಸಹಿ ಮಾಡಬೇಕು. ಖಾಲಿ ಜಾಗ ಬಿಟ್ಟ ನಮೂನೆಗಳಿಗೆ ಸಹಿ ಮಾಡಲೇಬಾರದು. ಹಗುರವಾದ, ಮಾರ್ಪಾಡಾಗದ, ಬಿಡಿಭಾಗ ಸುಲಭವಾಗಿ ಸಿಗುವ, ದಾಖಲೆ ಸ್ಪಷ್ಟವಾಗಿರುವ ಕಾರು ದೊರೆತರೆ ಅಶ್ವಶಕ್ತಿ ಇಪ್ಪತ್ತು ಕಡಿಮೆಯಾದರೂ ನಷ್ಟವಿಲ್ಲ. ಅಂಥ ಕಾರು ಸಿಗುವವರೆಗೆ ಕಾಯಲು ಮಿತವಾದ ಹಣದವರಿಗೆ ತಾಳ್ಮೆ ಬೇಕು.