ಎಳೆಗುದುರೆಯನ್ನು ಹಾದಿಯ ಸವಾರಿಗೆ ಒಗ್ಗಿಸುವ ಕ್ರಮ

ಲಾಯದ ಅಂಗಳದಲ್ಲಿ ಜೀನನ್ನು ಹೊತ್ತು, ಲಗಾಮಿನ ಸೂಚನೆಯಂತೆ ತಿರುಗಿ ನಿಲ್ಲುವ ಎಳೆಗುದುರೆಯು ಊರ ಹೊರಗಿನ ಹಾದಿಗೂ ಸಿದ್ಧವಾಯಿತೆಂದು ಭಾವಿಸುವುದು ಕುದುರೆ ಸಾಕುವ ಜಮೀನುದಾರರಲ್ಲಿ ಹಲವರ ರೂಢಿ. ಹೀಗೆ ಭಾವಿಸಿ ಹೊರಟವರು ಮೊದಲನೆಯ ಮೋರಿಯ ಬಳಿಯಲ್ಲಿಯೇ ನೆಲಕ್ಕೆ ಬಿದ್ದಿರುವುದುಂಟು. ಒಮ್ಮೆ ಬೆದರಿ, ಸವಾರನನ್ನು ಕೆಡವಿ ಓಡಿದ ಕುದುರೆಯು ಆ ಪಾಠವನ್ನು ಸುಲಭವಾಗಿ ಮರೆಯುವುದಿಲ್ಲ. ಆದಕಾರಣ ಮೊದಲ ಕೆಲವು ತಿಂಗಳುಗಳ ಎಚ್ಚರಿಕೆಯು ಅತ್ಯಾವಶ್ಯಕ.

ಮೊದಲು ವಯಸ್ಸನ್ನು ನೋಡತಕ್ಕದ್ದು. ನಡುವಣ ಬಾಚಿಹಲ್ಲುಗಳು ಸುಮಾರು 2½ ವರ್ಷಕ್ಕೂ, ಅವುಗಳ ಪಕ್ಕದವು 3½ ವರ್ಷಕ್ಕೂ, ಮೂಲೆಯವು 4½ ವರ್ಷಕ್ಕೂ ಬಿದ್ದು ಹೊಸವು ಹುಟ್ಟುತ್ತವೆ. ಬೆನ್ನೆಲುಬು ಬಲಿಯುವುದು ಇನ್ನೂ ತಡವಾಗಿ, ಐದಾರು ವರ್ಷಗಳ ಹೊತ್ತಿಗೆ. ಪಕ್ಕದ ಹಲ್ಲುಗಳು ಇನ್ನೂ ಬದಲಾಗದ ಕುದುರೆಯನ್ನು ದೂರ ಒಯ್ಯುವುದು ತರವಲ್ಲ. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಕೂಡದು. 300 ಕಿಲೋ ತೂಗುವ ಕುದುರೆಗೆ 60 ಕಿಲೋ ಎಂದಾಯಿತು. ಎಳೆಯದಕ್ಕೆ ಇದಕ್ಕಿಂತಲೂ ಕಡಮೆಯಿರುವುದು ಉತ್ತಮ. ಸ್ಥೂಲಕಾಯರಾದ ಯಜಮಾನರು ಆರಂಭದಲ್ಲಿ ಹಗುರ ಮೈಯ ಆಳನ್ನು ಏರಿಸಿ, ತಾವು ಪಕ್ಕದಲ್ಲಿ ನಡೆಯುವುದು ಇಬ್ಬರಿಗೂ ಹಿತಕರ.

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ಸುತ್ತಮುತ್ತ ಬಹುಮಟ್ಟಿಗೆ ಎಲ್ಲವನ್ನೂ ಕಾಣುವುದು. ಮೂಗಿನ ತುದಿಯ ನೇರಕ್ಕೆ ಹತ್ತಿರದಲ್ಲಿರುವುದೂ ಬಾಲದ ನೇರ ಹಿಂದಿರುವುದೂ ಮಾತ್ರ ಅದಕ್ಕೆ ಕಾಣದು. ಹಾರಾಡುವ ಗೋಣಿಚೀಲ, ಕಬ್ಬಿನ ಗದ್ದೆಯ ಸರಸರ ಸದ್ದು, ಪಂಪಿನ ಮನೆ, ಇವೆಲ್ಲವೂ ಅದಕ್ಕೆ ಶತ್ರುಗಳೇ. ಹೋಗುವಾಗ ಸುಮ್ಮನೆ ದಾಟಿದ ಕಲ್ಲಿಗೆ ಬರುವಾಗ ಬೆದರುವುದೂ ಸಹಜ. ಏಕೆಂದರೆ ಆಗ ಆ ಕಲ್ಲು ಮತ್ತೊಂದು ಮಗ್ಗುಲಿನಿಂದ ಬೇರೆಯಾಗಿ ಕಾಣುತ್ತದೆ. ಇದನ್ನು ಹಟವೆಂದೆಣಿಸಿ ಚಾಟಿಯಿಂದ ಹೊಡೆದರೆ, ಕಲ್ಲಿನ ಬಳಿ ನೋವಾಗುವುದೆಂಬ ಕುದುರೆಯ ಊಹೆಯನ್ನು ಸವಾರನೇ ನಿಜಮಾಡಿಕೊಟ್ಟಂತಾಗುವುದು. ಅದನ್ನು ದೂರದಲ್ಲಿ ನಿಲ್ಲಿಸಿ, ನೋಡಗೊಟ್ಟು, ಅದು ತಲೆ ತಗ್ಗಿಸಿ ನಿಟ್ಟುಸಿರು ಬಿಟ್ಟ ಮೇಲೆ ನಾಲ್ಕು ಹೆಜ್ಜೆ ಮುಂದುವರಿಸುವುದೇ ಸರಿಯಾದ ಕ್ರಮ.

ಮೊದಲ ವಾರಗಳಲ್ಲಿ ಸವಾರಿಯೇ ಬೇಡ. ಹಗ್ಗ ಹಿಡಿದು ಕೆರೆಯ ಏರಿ, ಬಂಡಿಜಾಡುಗಳಲ್ಲಿ ನಡೆಸಿದರೆ ಸಾಕು. ಅನಂತರ ಹಾದಿ ಬಲ್ಲ ಹಳೆಯ ಕುದುರೆಯೊಂದನ್ನು ಮುಂದೆ ಬಿಟ್ಟು, ಅರ್ಧ ಗಂಟೆಯನ್ನು ಮೀರದಂತೆ ಏರಿ ಹೋಗಬಹುದು. ಟ್ರಾಕ್ಟರಿಗೆ ಒಗ್ಗಿಸಲು ಅದನ್ನು ಎದುರಿಗೆ ತರುವುದಕ್ಕಿಂತ, ಮೆಲ್ಲಗೆ ಹೋಗುತ್ತಿರುವ ಟ್ರಾಕ್ಟರನ್ನು ದೂರದಿಂದ ಹಿಂಬಾಲಿಸುವುದು ಲೇಸು. ತನ್ನಿಂದ ದೂರ ಸರಿಯುವ ವಸ್ತುವಿನ ವಿಷಯದಲ್ಲಿ ಕುದುರೆಗೆ ಧೈರ್ಯ ಬೇಗ ಬರುವುದು.

ಹಳ್ಳ ದಾಟಿಸುವುದು ಎಲ್ಲಕ್ಕಿಂತ ಕಷ್ಟ. ನೀರಿನ ಆಳ ಕುದುರೆಗೆ ತಿಳಿಯದು. ಬೇಸಗೆಯಲ್ಲಿ ಗೊರಸು ಮುಳುಗುವಷ್ಟೇ ನೀರಿದ್ದು, ತಳ ಗಟ್ಟಿಯಾಗಿರುವ ಕಡೆಯನ್ನು ಆರಿಸತಕ್ಕದ್ದು. ಹಳೆಯ ಕುದುರೆಯು ಮುಂದಾಗಿ ಇಳಿದು ನಿಲ್ಲಲಿ. ಎಳೆಯದು ಮೂಸಿ ನೋಡಲಿ. ಅರ್ಧ ಗಂಟೆ ಕಳೆದರೂ ಚಿಂತೆಯಿಲ್ಲ. ಒಮ್ಮೆಲೇ ಹಾರುವ ಸಂಭವವಿರುವುದರಿಂದ ಸವಾರನು ಕೇಸರದ ಕೂದಲನ್ನು ಹಿಡಿದಿರತಕ್ಕದ್ದೇ ಹೊರತು ಲಗಾಮನ್ನು ಜಗ್ಗಕೂಡದು. ನೀರಿನೊಳಗೆ ಮುಂಗಾಲಿನಿಂದ ಕೆರೆಯತೊಡಗಿದರೆ ಹೊರಳುವ ಆಲೋಚನೆಯೆಂದು ತಿಳಿದು ಕೂಡಲೇ ಮುಂದಕ್ಕೆ ನಡೆಸಬೇಕು.

ಅಡಗಿಸುವುದಕ್ಕೆಂದು ಮುಳ್ಳಿನ ಕಡಿವಾಣ ಹಾಕುವುದು ಬಾಯನ್ನು ಕೆಡಿಸುವುದಲ್ಲದೆ ಬೇರೇನನ್ನೂ ಸಾಧಿಸದು. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ವಿಷಯದಲ್ಲಿ 1965ರ ಕೇಂದ್ರ ನಿಯಮಗಳು ಅದನ್ನು ನಿಷೇಧಿಸಿವೆ. ಮೂಗುಪಟ್ಟಿಯನ್ನೂ ಬಿಗಿಯಬಾರದು, ಕುದುರೆಯು ಮೂಗಿನಿಂದಲ್ಲದೆ ಬಾಯಿಂದ ಉಸಿರಾಡಲಾರದು.

ಬೆವರಿದ ಕುದುರೆಗೆ ನೀರು ಕೊಡಕೂಡದೆಂಬ ಹಳೆಯ ನಂಬಿಕೆಯು ಈಗ ನಿಂತಿಲ್ಲ. ಹಾದಿಯಲ್ಲಿ ಸಿಕ್ಕಿದ ಶುದ್ಧ ನೀರನ್ನು ಕುಡಿಯಗೊಡಬಹುದು. ಹುರುಳಿಯನ್ನು ಮಾತ್ರ ಮೈ ತಣಿದ ಮೇಲೆಯೇ ಇಡತಕ್ಕದ್ದು.

ಮನೆಯ ಕಡೆಗೆ ತಿರುಗಿದ ಮೇಲೆ ಓಡಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಮುಂದೆ ಅದೇ ಕುದುರೆ ತಿರುಗಿದೊಡನೆ ಸವಾರನ ಮಾತು ಕೇಳದು. ಕೊನೆಯ ಒಂದೆರಡು ಫರ್ಲಾಂಗು ಇಳಿದು, ಹೊಟ್ಟೆಯ ಪಟ್ಟಿಯನ್ನು ಸಡಿಲಿಸಿ, ಜೊತೆಯಲ್ಲಿ ನಡೆಯುವುದು ಉಚಿತ. ಲಾಯ ಸೇರಿದೊಡನೆ ನಾಲ್ಕು ಗೊರಸುಗಳನ್ನೂ ಎತ್ತಿ ಕಲ್ಲುಗಳನ್ನು ತೆಗೆದು, ಜೀನಿನ ಅಡಿಯ ಮೈಯನ್ನು ಕೈಯಿಂದ ಸವರಿ ನೋಡತಕ್ಕದ್ದು. ಅಲ್ಲಿ ಊತವೋ ಬಿಸಿಯೋ ಕಂಡರೆ ಅದು ಇಳಿಯುವವರೆಗೆ ಜೀನು ಹಾಕಕೂಡದು.