ಕಾನ್ಹೇರಿ: ಬೊರಿವಲಿಯ ಬೆಟ್ಟದ ಮಡಿಲಿನ ಹಳೆಯ ಊರು

ಊರಿನಿಂದ ಬಂಧುಗಳು ಮುಂಬಯಿಗೆ ಬಂದರೆ ಅವರನ್ನು ಎಲ್ಲಿಗೆ ಕರೆದೊಯ್ಯಬೇಕೆಂಬುದು ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಮೊದಲೇ ತೀರ್ಮಾನವಾಗಿರುತ್ತದೆ. ಒಂದು ದಿನ ಗೇಟ್‌ವೇ ಆಫ್ ಇಂಡಿಯಾ, ಇನ್ನೊಂದು ದಿನ ಮಹಾಲಕ್ಷ್ಮಿ ಮತ್ತು ಸಿದ್ಧಿವಿನಾಯಕ ಮಂದಿರ, ಸಂಜೆಗೆ ಜುಹೂ ಕಡಲತೀರ. ಬೊರಿವಲಿಯಲ್ಲಿ ಮೂರು ನಾಲ್ಕು ದಶಕಗಳಿಂದ ನೆಲೆಸಿರುವ ಕುಟುಂಬಗಳೂ ಅತಿಥಿಗಳೊಂದಿಗೆ ಲೋಕಲ್ ಹಿಡಿದು ದಕ್ಷಿಣಕ್ಕೇ ಹೊರಡುತ್ತವೆ. ಮನೆಯ ಬಾಲ್ಕನಿಯಿಂದಲೇ ಕಾಣುವ ಪೂರ್ವದ ಹಸಿರು ಬೆಟ್ಟ ಮಾತ್ರ ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಉಡುಪಿಯ ಕಡೆಯಿಂದ ನನ್ನ ಸೋದರಮಾವ ಬಂದಿದ್ದರು. ಶಾಲಾ ಮಾಸ್ತರರಾಗಿ ನಿವೃತ್ತರಾದವರು. ಒಂದು ಸಂಜೆ ಚಹಾ ಕುಡಿಯುತ್ತಾ, "ನಿಮ್ಮ ಬೊರಿವಲಿಯ ಗುಡ್ಡದಲ್ಲಿ ನಮ್ಮ ನೃಪತುಂಗನ ಕಾಲದ ಶಾಸನ ಉಂಟಂತೆ, ನೋಡಿದ್ದೀಯಾ ಮಾರಾಯ?" ಎಂದು ಕೇಳಿದರು. ಮಕ್ಕಳೊಡನೆ ಎರಡು ಮೂರು ಸಲ ಪಿಕ್‌ನಿಕ್ಕಿಗೆ ಹೋಗಿದ್ದೆನೇ ಹೊರತು ಶಾಸನವನ್ನು ನೋಡಿರಲಿಲ್ಲ; ಇದೆಯೆಂಬುದೂ ತಿಳಿದಿರಲಿಲ್ಲ. ಮರುದಿನ ಬೆಳಿಗ್ಗೆಯೇ ಅವರನ್ನು ಕರೆದುಕೊಂಡು ಹೊರಟೆ. ಅಂದು ಸೋಮವಾರ. ಪಾರ್ಕಿನ ಬಾಗಿಲು ಮುಚ್ಚಿತ್ತು. ಮಂಗಳವಾರ ಅವರ ರೈಲು. "ಅಡ್ಡಿಲ್ಲ, ಮುಂದಿನ ಸಲ ನೋಡುವ" ಎಂದರು. ಆ ಮುಂದಿನ ಸಲ ಬರಲೇ ಇಲ್ಲ. ಆ ಬಳಿಕ ನಾನು ಅನೇಕ ಬಾರಿ ಕಾನ್ಹೇರಿಗೆ ಹೋಗಿ ಬಂದಿದ್ದೇನೆ. ಹಾಗೆ ತಿಳಿದುಕೊಂಡ ಕೆಲವು ಸಂಗತಿಗಳನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಗುಹೆಗಳಲ್ಲ, ಒಂದು ಊರು

ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವನ್ನು ಹಳಬರು ಇಂದಿಗೂ 'ಬೊರಿವಲಿ ನ್ಯಾಷನಲ್ ಪಾರ್ಕ್' ಎಂದೇ ಕರೆಯುತ್ತಾರೆ. ಅದರ ಒಡಲಿನಲ್ಲಿ, ಮುಖ್ಯದ್ವಾರದಿಂದ ಆರೇಳು ಕಿಲೋಮೀಟರ್ ಒಳಗೆ, ಒಂದು ತೊರೆಯ ಇಕ್ಕೆಲಗಳ ಕಪ್ಪು ಬಂಡೆಯಲ್ಲಿ ಕೊರೆದ ನೂರಕ್ಕೂ ಮಿಕ್ಕಿದ ಗುಹೆಗಳ ಸಮೂಹವೇ ಕಾನ್ಹೇರಿ. 'ಕೃಷ್ಣಗಿರಿ', ಅಂದರೆ ಕಪ್ಪು ಬೆಟ್ಟ, ಎಂಬ ಹೆಸರಿನಿಂದ ಈ ಹೆಸರು ಬಂದಿದೆ. ಕ್ರಿಸ್ತಶಕದ ಆರಂಭದ ಸುಮಾರಿನಿಂದ ಮುಂದೆ ಸಾವಿರ ವರ್ಷಗಳ ಕಾಲ ಬೌದ್ಧ ಭಿಕ್ಷುಗಳು ಇಲ್ಲಿ ವಾಸವಾಗಿದ್ದರು.

ಹೆಚ್ಚಿನವರು ಮೂರನೆಯ ಗುಹೆಯ ಚೈತ್ಯವನ್ನು ನೋಡಿ, ಅದರ ಮೊಗಸಾಲೆಯ ಎರಡು ಬೃಹತ್ ಬುದ್ಧಮೂರ್ತಿಗಳ ಮುಂದೆ ಫೋಟೋ ತೆಗೆದು ಹಿಂತಿರುಗುತ್ತಾರೆ. ಶಾತವಾಹನ ಅರಸ ಯಜ್ಞಶ್ರೀ ಶಾತಕರ್ಣಿಯ ಕಾಲದ, 34 ಕಂಬಗಳ ಆ ಚೈತ್ಯ ನೋಡಲೇಬೇಕಾದುದು, ಸಂದೇಹವಿಲ್ಲ. ಆದರೆ ಕಾನ್ಹೇರಿಯನ್ನು ಮೂರ್ತಿಗಳ ಸ್ಥಳವೆಂದು ನೋಡುವುದಕ್ಕಿಂತ ಜನ ಬಾಳಿದ ಒಂದು ಊರೆಂದು ನೋಡಿದರೆ ಅದು ಹೆಚ್ಚು ಅರ್ಥವಾಗುತ್ತದೆ. ಚೈತ್ಯ ಊರಿನ ದೇವಾಲಯವಿದ್ದಂತೆ. ಸುತ್ತಲಿನ ಚಿಕ್ಕ ಗುಹೆಗಳು ಮನೆಗಳು. ಮುಂದೆ ಅಂಗಳ, ಎರಡು ಮೆಟ್ಟಿಲು, ಜಗಲಿ, ಒಳಗೆ ಮಲಗಲು ಕಲ್ಲಿನ ಮಂಚ. ನಮ್ಮ ಕರಾವಳಿಯ ಮನೆಗಳನ್ನು ಬಲ್ಲವರಿಗೆ ಆ ಜಗಲಿ ಪರಕೀಯವೆನಿಸದು.

ಈ ಊರನ್ನು ಕಟ್ಟಿಸಿದವರು ಅರಸರು ಮಾತ್ರವಲ್ಲ. ಸೋಪಾರಾ, ಕಲ್ಯಾಣ, ನಾಸಿಕಗಳ ವರ್ತಕರು ಮತ್ತು ಕುಶಲಕರ್ಮಿಗಳು ಕೊಟ್ಟ ದಾನಗಳನ್ನು ಇಲ್ಲಿನ ಶಾಸನಗಳು ದಾಖಲಿಸಿವೆ. ಸೋಪಾರಾ ಎಂದರೆ ನಾವು ದಿನನಿತ್ಯ ಲೋಕಲ್‌ನಲ್ಲಿ ಕೇಳುವ ಇಂದಿನ ನಾಲಾಸೋಪಾರಾವೇ. ಅಂದು ಅದು ಹೆಸರಾಂತ ಬಂದರು. ವ್ಯಾಪಾರಕ್ಕೆಂದು ಬಂದವರು ತಮ್ಮ ಗಳಿಕೆಯ ಒಂದು ಪಾಲನ್ನು ಸಮುದಾಯಕ್ಕಾಗಿ ಎತ್ತಿಡುವ ರೂಢಿ ಈ ನೆಲದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇದು ಸಾಕ್ಷಿ.

ನೀರಿನ ಜಾಣ್ಮೆ

ಮುಂಬಯಿಯಲ್ಲಿ ಮಳೆ ನಾಲ್ಕು ತಿಂಗಳು ಧಾರಾಕಾರವಾಗಿ ಸುರಿದು, ಉಳಿದ ಎಂಟು ತಿಂಗಳು ಬಹುತೇಕ ಮಾಯವಾಗುತ್ತದೆ. ಬಂಡೆಯ ಮೇಲೆ ಬಿದ್ದ ನೀರು ಕ್ಷಣದಲ್ಲಿ ಹರಿದುಹೋಗುತ್ತದೆ. ಹಾಗಿರುವಾಗ ಬೇಸಿಗೆಯಲ್ಲಿ ಇಷ್ಟೊಂದು ಜನ ಕುಡಿದದ್ದೇನು? ಉತ್ತರ ಕಾಲಡಿಯಲ್ಲಿಯೇ ಇದೆ. ಬೆಟ್ಟದ ಮೇಲೆ ನಡೆಯುವಾಗ ಬಂಡೆಯಲ್ಲಿ ಕೊರೆದ ಸಣ್ಣ ಕಾಲುವೆಗಳನ್ನು ಗಮನಿಸಿ. ಅವು ಮಳೆನೀರನ್ನು ಹಿಡಿದು ಅಂಗಳದ ಬದಿಯ ಕಲ್ಲಿನ ತೊಟ್ಟಿಗೆ ತಲುಪಿಸುತ್ತವೆ. ಶಾಸನಗಳಲ್ಲಿ ಈ ತೊಟ್ಟಿಗೆ 'ಪೋಢಿ' ಎಂಬ ಹೆಸರಿದೆ. ಮನೆಯೊಂದನ್ನು ದಾನ ಮಾಡಿದವನು ಪೋಢಿಯನ್ನೂ ಸೇರಿಸಿ ದಾನ ಮಾಡಿದ್ದನ್ನು ಅಲ್ಲಿ ಕಾಣಬಹುದು. ಇದಲ್ಲದೆ ತೊರೆಗೆ ಕಟ್ಟಿದ್ದ ಒಡ್ಡಿನ ಅವಶೇಷವೂ ಉಳಿದಿದೆ.

ಇದೇ ಬೆಟ್ಟಸಾಲಿನ ವಿಹಾರ ಸರೋವರ 1860ರಲ್ಲಿ, ತುಳಸಿ ಸರೋವರ 1879ರಲ್ಲಿ ಪೂರ್ಣಗೊಂಡು ಇಂದಿಗೂ ನಗರಕ್ಕೆ ನೀರುಣಿಸುತ್ತಿವೆ. ನಮ್ಮ ಕಟ್ಟಡಗಳಲ್ಲಿ ಮಳೆಕೊಯ್ಲಿನ ಬಗ್ಗೆ ಸೊಸೈಟಿ ಸಭೆಗಳು ಚರ್ಚಿಸುವ ಎಷ್ಟೋ ಶತಮಾನಗಳ ಮುನ್ನ ಈ ಬೆಟ್ಟ ಅದನ್ನು ಆಚರಣೆಗೆ ತಂದಿತ್ತು. ಅಂತಹ ತೊಟ್ಟಿಗಳಲ್ಲಿ ಇಂದು ಚಿಪ್ಸಿನ ಖಾಲಿ ಪೊಟ್ಟಣಗಳು ತೇಲುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ದರ್ಬಾರ್ ಗುಹೆಯ ಶಾಸನ

ಮಾವ ಕೇಳಿದ ಶಾಸನ ಇರುವುದು ಹನ್ನೊಂದನೆಯ ಗುಹೆಯಲ್ಲಿ. ಇದನ್ನು ಮಹಾರಾಜ ಗುಹೆ ಅಥವಾ ದರ್ಬಾರ್ ಗುಹೆ ಎನ್ನುತ್ತಾರೆ. ವಿಶಾಲವಾದ ಸಭಾಂಗಣ, ನೆಲದಲ್ಲಿ ಉದ್ದಕ್ಕೂ ಎರಡು ತಗ್ಗಾದ ಕಲ್ಲಿನ ಪೀಠಗಳು. ಎಲ್ಲೋರಾದ ಐದನೆಯ ಗುಹೆಯನ್ನು ನೋಡಿದವರಿಗೆ ಹೋಲಿಕೆ ಕೂಡಲೇ ಹೊಳೆಯುತ್ತದೆ. ಇಲ್ಲಿನ ಶಾಸನಗಳಲ್ಲಿ ಒಂದು ಶಕ 775ರದು, ಅಂದರೆ ಕ್ರಿ.ಶ. 853ರದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಆಳ್ವಿಕೆಯಲ್ಲಿ, ಅವನ ಸಾಮಂತನಾಗಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಕಪರ್ದಿಯ ಕಾಲದಲ್ಲಿ ಬರೆಸಿದ್ದು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವಾದ ಮಾನ್ಯಖೇಟದಿಂದ ಆಳಿದ, ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ 'ಕವಿರಾಜಮಾರ್ಗ'ದೊಡನೆ ಹೆಸರು ಬೆಸೆದುಕೊಂಡಿರುವ ನೃಪತುಂಗನೇ ಈ ಅಮೋಘವರ್ಷ.

ಶಾಸನದ ಭಾಷೆ ಕನ್ನಡವಲ್ಲ, ಸಂಸ್ಕೃತ. ನಾವು ಹೆಮ್ಮೆಪಡಬೇಕಾದುದು ಅರಸನ ಹೆಸರಿಗಷ್ಟೇ ಅಲ್ಲ, ಅಲ್ಲಿ ದಾಖಲಾಗಿರುವ ದಾನದ ವಿವರಕ್ಕೆ. ಶಿಥಿಲವಾದ ಭಾಗಗಳ ದುರಸ್ತಿಗೆ ಏರ್ಪಾಡು ಮಾಡಿದಂತೆಯೇ ಪುಸ್ತಕಗಳ ಖರೀದಿಗೂ ಅದರಲ್ಲಿ ಏರ್ಪಾಡು ಮಾಡಲಾಗಿದೆ. ಗ್ರಂಥಾಲಯವನ್ನು ನಡೆಸುವ ಕಷ್ಟವನ್ನು ಬಲ್ಲ ನಮ್ಮ ಸಂಘಸಂಸ್ಥೆಗಳ ಕಾರ್ಯಕರ್ತರು ಈ ಮಾತನ್ನು ಎರಡು ಬಾರಿ ಓದಿಯಾರು. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಪುಸ್ತಕಕ್ಕೆ ಸಿಗುವುದು ಅಪರೂಪ. 853ರಲ್ಲಿ ಬೊರಿವಲಿಯ ಬೆಟ್ಟಕ್ಕೆ ಅಂತಹ ದಾನಿಯೊಬ್ಬ ಸಿಕ್ಕಿದ್ದ.

ಹೋಗುವವರಿಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಸೋಮವಾರ ಹೊರಡಬೇಡಿ. ಉದ್ಯಾನಕ್ಕೂ ಗುಹೆಗಳಿಗೂ ಅಂದು ರಜೆ. ಉದ್ಯಾನ ಅರಣ್ಯ ಇಲಾಖೆಯದು, ಗುಹೆಗಳು ಪುರಾತತ್ವ ಇಲಾಖೆಯವು. ಆದುದರಿಂದ ಟಿಕೆಟ್ ಎರಡು ಕಡೆ ಬೇರೆಬೇರೆಯಾಗಿ ಪಡೆಯಬೇಕು.

ಬೊರಿವಲಿ ನಿಲ್ದಾಣದ ಪೂರ್ವದಿಂದ ರಿಕ್ಷಾದಲ್ಲಿ ಕೆಲವೇ ನಿಮಿಷಗಳ ದಾರಿ. ಮೆಟ್ರೋದ ಕೆಂಪು ಮಾರ್ಗದಲ್ಲಿ ಬರುವವರು ರಾಷ್ಟ್ರೀಯ ಉದ್ಯಾನ ನಿಲ್ದಾಣದಲ್ಲಿ ಇಳಿಯಬಹುದು. ದ್ವಾರದಿಂದ ಗುಹೆಗಳವರೆಗಿನ ದೂರವನ್ನು ಹಿರಿಯರೂ ಮಕ್ಕಳೂ ನಡೆದು ಕ್ರಮಿಸುವುದು ಕಷ್ಟ. ಒಳಗಿನ ವಾಹನ ಸೌಕರ್ಯದ ಬಗ್ಗೆ ದ್ವಾರದಲ್ಲಿಯೇ ವಿಚಾರಿಸಿ, ಹಿಂತಿರುಗುವ ಕೊನೆಯ ಸರದಿ ಎಷ್ಟು ಗಂಟೆಗೆಂದು ಕೇಳಿ ತಿಳಿದುಕೊಂಡು ಮುಂದುವರಿಯಿರಿ. ಈ ಕಾಡಿನಲ್ಲಿ ಚಿರತೆಗಳಿವೆ. ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಕಾಡು ಅವುಗಳದು; ಕತ್ತಲಾಗುವ ಮೊದಲೇ ಹೊರಬರುವುದು ಕ್ಷೇಮ.

ಬೆಳಿಗ್ಗೆ ಗುಹೆಗಳು ತೆರೆಯುವ ವೇಳೆಗೇ ತಲುಪಿ. ಹತ್ತೂವರೆಯ ಮೇಲೆ ಕಪ್ಪು ಬಂಡೆ ಕಾದು ಕೆಂಡವಾಗುತ್ತದೆ. ತಲೆಗೆ ಟೊಪ್ಪಿ, ಕಾಲಿಗೆ ಜಾರದ ಪಾದರಕ್ಷೆ, ಸ್ಟೀಲ್ ಬಾಟಲಿಯಲ್ಲಿ ಧಾರಾಳ ನೀರು ಇರಲಿ. ತಿಂಡಿಯನ್ನು ಚೀಲದೊಳಗೇ ಇಟ್ಟುಕೊಳ್ಳಿ. ಕೈಯಲ್ಲಿ ಹಿಡಿದರೆ ಮಂಗಗಳ ಪಾಲು.

ಮೊಣಕಾಲು ನೋವಿರುವ ಹಿರಿಯರು ಮೂರು ಮತ್ತು ಹನ್ನೊಂದನೆಯ ಗುಹೆಗಳನ್ನು ನೋಡಿ, ದರ್ಬಾರಿನ ತಂಪಿನಲ್ಲಿ ಕುಳಿತಿರಲಿ. ಅವೆರಡನ್ನು ಕಂಡರೆ ಬಂದ ಶ್ರಮ ಸಾರ್ಥಕ. ಕಿರಿಯರು ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಏರಿ, 34ನೆಯ ಗುಹೆಯ ಛಾವಣಿಯಲ್ಲಿ ಅರ್ಧಕ್ಕೇ ನಿಂತ ವರ್ಣಚಿತ್ರವನ್ನೂ 41ನೆಯದರಲ್ಲಿ ಹನ್ನೊಂದು ಶಿರಗಳ ಅವಲೋಕಿತೇಶ್ವರನನ್ನೂ ನೋಡಿಬರಬಹುದು. ಇನ್ನೂ ಉತ್ಸಾಹವಿದ್ದವರಿಗೆ 90ನೆಯ ಗುಹೆಯಿದೆ. 1009 ಮತ್ತು 1021ರಲ್ಲಿ ಇಲ್ಲಿಗೆ ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ಭೇಟಿಯನ್ನು ಬರೆದಿಟ್ಟಿದ್ದಾರೆ. ಅವರನ್ನು ಅನುಕರಿಸಿ ನಮ್ಮ ಮಕ್ಕಳು ಗೋಡೆಯ ಮೇಲೆ ಹೆಸರು ಗೀಚದಂತೆ ನೋಡಿಕೊಳ್ಳುವುದು ಹೆತ್ತವರ ಹೊಣೆ.

ಮಳೆಗಾಲದಲ್ಲಿ ಕಣಿವೆಯ ಸೊಬಗು ವರ್ಣನಾತೀತ, ಅಪಾಯವೂ ಅಷ್ಟೇ. ಪಾಚಿ ಹಿಡಿದ ಮೆಟ್ಟಿಲು ಜಾರುತ್ತದೆ, ಮೇಲೆ ಮಳೆ ಬಿದ್ದರೆ ತೊರೆ ನೋಡುನೋಡುತ್ತಿದ್ದಂತೆಯೇ ಉಕ್ಕುತ್ತದೆ. ನೀರಿಗಿಳಿಯುವ ಸಾಹಸ ಬೇಡ. ಕುಟುಂಬಸಮೇತ ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ.

ಉದ್ಯಾನದೊಳಗೆ ವಾರ್ಲಿ ಮೊದಲಾದ ಆದಿವಾಸಿಗಳ ಪಾಡಾಗಳಿವೆ. ದಾರಿಬದಿಯಲ್ಲಿ ಬುಟ್ಟಿಯಿಟ್ಟು ಕುಳಿತ ಹೆಂಗಸರಲ್ಲಿ ಬೇಸಿಗೆಯ ದಿನಗಳಲ್ಲಿ ಕರವಂದ ಸಿಗುತ್ತದೆ. ಅದು ನಮ್ಮೂರಿನ ಕರಂಡೆ ಹಣ್ಣೇ. ಚೌಕಾಸಿ ಮಾಡದೆ ಕೊಳ್ಳಿ. ಈ ಕಾಡಿನ ಮಟ್ಟಿಗೆ ಅವರು ಮನೆಯವರು, ನಾವು ಅತಿಥಿಗಳು.

ಮಾವನ ಪ್ರಶ್ನೆಗೆ ಉತ್ತರ ಕೊಡುವಷ್ಟು ತಿಳಿದುಕೊಂಡಾಗ ಕೇಳುವವರು ಉಳಿದಿರಲಿಲ್ಲ. ಮುಂದಿನ ಬಾರಿ ನಿಮ್ಮ ಮನೆಗೆ ಊರಿನಿಂದ ಹಿರಿಯರು ಬಂದಾಗ, ಜುಹೂ, ಗೇಟ್‌ವೇಗಳ ನಡುವೆ ಒಂದು ಬೆಳಗನ್ನು ಕಾನ್ಹೇರಿಗೆಂದು ತೆಗೆದಿಡಿ. ಹೊರಡುವ ಮುನ್ನ ಕ್ಯಾಲೆಂಡರಿನಲ್ಲಿ ವಾರ ಯಾವುದೆಂದು ಮರೆಯದೆ ನೋಡಿಕೊಳ್ಳಿ.