ತ್ವೇರ್: ವೋಲ್ಗಾ ಬೆಳೆಸಿದ ಊರು

ಮಾಸ್ಕೋದಿಂದ ವಾಯವ್ಯಕ್ಕೆ ಸುಮಾರು 170 ಕಿ.ಮೀ. ದೂರದಲ್ಲಿ ವೋಲ್ಗಾ ನದಿಗೆ ಎಡದಿಂದ ತ್ವೆರ್ತ್ಸಾ, ಬಲದಿಂದ ತ್ಮಾಕಾ ಹೊಳೆಗಳು ಬಂದು ಸೇರುತ್ತವೆ. ಈ ಕೂಡಲಲ್ಲಿ ಬೆಳೆದ ಊರೇ ತ್ವೇರ್. ತ್ವೆರ್ತ್ಸಾ ಹಿಡಿದು ಮೇಲಕ್ಕೆ ಹೋದರೆ ನವ್ಗೊರೋದ್ ಕಡೆಯ ದಾರಿ. ವೋಲ್ಗಾ ಹಿಡಿದು ಕೆಳಗಿಳಿದರೆ ಕ್ಯಾಸ್ಪಿಯನ್ ಸಮುದ್ರ. ಹಾಗಾಗಿ ಇಲ್ಲಿ ಆಳುವವನ ಕೈಯಲ್ಲಿ ವ್ಯಾಪಾರದ ಕೀಲಿ ಇತ್ತು. 1312ರಲ್ಲಿ ಇಲ್ಲಿನ ಅರಸ ಮಿಖಾಯಿಲ್ ಯಾರೊಸ್ಲಾವಿಚ್ ಧಾನ್ಯದ ಸಾಗಣೆ ತಡೆದೇ ನವ್ಗೊರೋದನ್ನು ಮಣಿಸಿದ.

ಮಾಸ್ಕೋ ಜೊತೆ ಪೈಪೋಟಿ

1238ರಲ್ಲಿ ಮಂಗೋಲರ ದಾಳಿಗೆ ಸಿಕ್ಕ ತ್ವೇರ್ ಬೇಗನೆ ಚೇತರಿಸಿಕೊಂಡಿತು. ಹದಿನಾಲ್ಕನೆಯ ಶತಮಾನದ ಹೊತ್ತಿಗೆ ರಷ್ಯಾದ ಹಿರಿಯ ಅರಸನ ಪಟ್ಟಕ್ಕೆ ತ್ವೇರ್ ಮತ್ತು ಮಾಸ್ಕೋ ಸೆಣಸುತ್ತಿದ್ದವು. ಪಟ್ಟ ಕೊಡುವವರು ಮಾತ್ರ ಮಂಗೋಲ್ ಖಾನರು. ಮಿಖಾಯಿಲ್‌ನನ್ನು 1318ರಲ್ಲಿ ಖಾನನ ಬೀಡಿನಲ್ಲೇ ಕೊಂದರು. 1327ರಲ್ಲಿ ತ್ವೇರ್‌ನ ಜನ ದಂಗೆಯೆದ್ದು ಖಾನನ ಪ್ರತಿನಿಧಿಯನ್ನು ಕೊಂದಾಗ, ಅವರನ್ನು ದಂಡಿಸಲು ಬಂದ ಪಡೆಯ ಜೊತೆ ಮಾಸ್ಕೋದ ಅರಸ ಇವಾನ್ ಕಲಿತಾ ಕೈಜೋಡಿಸಿದ. ಊರು ಹಾಳಾಯಿತು, ಮಾಸ್ಕೋ ಮೇಲೆದ್ದಿತು. 1485ರಲ್ಲಿ ಮೂರನೆಯ ಇವಾನ್ ತ್ವೇರನ್ನು ಮಾಸ್ಕೋಗೆ ಸೇರಿಸಿಕೊಂಡ. ಕೊನೆಯ ಅರಸ ಲಿಥುವೇನಿಯಾಕ್ಕೆ ಓಡಿಹೋದ.

ಬೀದರಿಗೆ ಬಂದ ವ್ಯಾಪಾರಿ

ಈ ಸೋಲಿಗೆ ಸುಮಾರು ಎರಡು ದಶಕ ಮೊದಲು ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ತ್ವೇರ್‌ನಿಂದ ದೋಣಿ ಹತ್ತಿದ. ಆಸ್ತ್ರಖಾನ್ ಬಳಿ ದರೋಡೆಯಾಯಿತು. ಬರಿಗೈಲಿ ಮರಳಲು ಮನಸ್ಸಾಗದೆ ಪರ್ಷಿಯಾ ದಾಟಿ, ಮಾರಲೆಂದು ಒಂದು ಕುದುರೆಯೊಂದಿಗೆ ಹಡಗೇರಿ ಭಾರತದ ಪಶ್ಚಿಮ ಕರಾವಳಿಯ ಚೌಲ್‌ನಲ್ಲಿ ಇಳಿದ. ಜುನ್ನಾರ್ ಮೂಲಕ ಬಹಮನಿ ರಾಜಧಾನಿ ಬೀದರ್ ತಲುಪಿದಾಗ ಅಲ್ಲಿ ಮಂತ್ರಿ ಮಹಮೂದ್ ಗವಾನನ ಕಾರುಬಾರು ನಡೆದಿತ್ತು. ಕುದುರೆ ವ್ಯಾಪಾರ, ಸುಲ್ತಾನನ ಆನೆಗಳ ಮೆರವಣಿಗೆ, ಸರದಾರರ ವೈಭೋಗ, ಹಳ್ಳಿಗರ ಬಡತನ ಎಲ್ಲವನ್ನೂ ಅವನು ಬರೆದಿಟ್ಟ. ಮರಳುವಾಗ ಊರು ಸೇರುವ ಮುನ್ನವೇ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ. ಅವನ ಟಿಪ್ಪಣಿಗಳು ಮಾತ್ರ ಮಾಸ್ಕೋ ತಲುಪಿ ಅಲ್ಲಿನ ಇತಿಹಾಸದ ದಾಖಲೆಗಳಲ್ಲಿ ಉಳಿದವು.

ಬೆಂಕಿ, ಕಲ್ಲು, ರೈಲು

1763ರ ಬೆಂಕಿ ಮರದ ಊರನ್ನು ಬಹುಮಟ್ಟಿಗೆ ನುಂಗಿತು. ರಾಣಿ ಎರಡನೆಯ ಕ್ಯಾಥರೀನಳ ಆಜ್ಞೆಯಂತೆ ಕಲ್ಲಿನ ಕಟ್ಟಡಗಳು, ಒಂದೇ ಚೌಕದಿಂದ ಕವಲೊಡೆಯುವ ಮೂರು ನೇರ ಬೀದಿಗಳು ಎದ್ದವು. ಅಷ್ಟರಲ್ಲಾಗಲೇ ವಿಶ್ನಿ ವೊಲೊಚ್ಯೋಕ್ ಕಾಲುವೆ ವೋಲ್ಗಾವನ್ನು ಬಾಲ್ಟಿಕ್ ಕಡೆಗೆ ಬೆಸೆದಿತ್ತು. ಸೇಂಟ್ ಪೀಟರ್ಸ್‌ಬರ್ಗಿನ ಧಾನ್ಯ ತ್ವೇರ್ ಮೂಲಕವೇ ಸಾಗುತ್ತಿತ್ತು. 1851ರಲ್ಲಿ ಮಾಸ್ಕೋ–ಪೀಟರ್ಸ್‌ಬರ್ಗ್ ರೈಲೂ ಇದೇ ಊರನ್ನು ಹಾದುಹೋಯಿತು. 1931ರಿಂದ 1990ರವರೆಗೆ ಊರಿಗೆ ಕಲಿನಿನ್ ಎಂಬ ಹೆಸರಿತ್ತು. 1941ರ ಅಕ್ಟೋಬರ್‌ನಲ್ಲಿ ಜರ್ಮನ್ನರ ವಶವಾದ ಊರನ್ನು ಡಿಸೆಂಬರ್ 16ರಂದು ಸೋವಿಯತ್ ಪಡೆ ಬಿಡಿಸಿಕೊಂಡಿತು.

ಪಟ್ಟದ ಪೈಪೋಟಿಯಲ್ಲಿ ತ್ವೇರ್ ಸೋತರೂ ದಾರಿಯ ಮೇಲಿನ ಊರಾಗಿ ಬಾಳಿತು. ಇಂದು ಅಲ್ಲಿನ ವೋಲ್ಗಾ ದಡದಲ್ಲಿ ಎದ್ದುಕಾಣುವುದು ಅರಸನಲ್ಲ, 1955ರಲ್ಲಿ ನಿಲ್ಲಿಸಿದ ನಿಕಿತಿನ್‌ನ ಪ್ರತಿಮೆ. ಬಹಮನಿ ಕಾಲದ ಬೀದರನ್ನು ಅರಿಯಬಯಸುವವರು ಪರ್ಷಿಯನ್ ಬರಹಗಳ ಜೊತೆಗೆ ಈ ವ್ಯಾಪಾರಿಯ ಟಿಪ್ಪಣಿಗಳನ್ನೂ ಓದಬೇಕು.